ತೂಕದಕ್ಕ ಕುರ್ಚಿ ಬಿಟ್ಟದ್ದು

ಬಿದ್ದವರು ಅತ್ತೆ, ಏಳಲಾಗದೆ ಕೂತುಬಿಟ್ಟವಳು ಸೊಸೆ.

ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ‘ಇಲ್ಲಿದ್ದೀನಿ’ ಎಂಬ ದನಿ ಕೇಳಿತು. ಹೋಗಿ ನೋಡಿದರೆ ಅತ್ತೆ ಬಚ್ಚಲ ಬಾಗಿಲಿನ ಹೊರಗೆ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತಿದ್ದರು. ವಾಕರ್ ಪಕ್ಕದಲ್ಲೇ ನಿಂತಿತ್ತು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಪೆಟ್ಟೇನೂ ಆಗಿರಲಿಲ್ಲ. ಕಾಲು ಜಾರಿ, ಗೋಡೆ ಸವರಿಕೊಂಡು ಮೆಲ್ಲಗೆ ಕೆಳಗಿಳಿದಿದ್ದರು, ಅಷ್ಟೆ. ಆದರೆ ಅವರ ಸೊಂಟದ ಮೂಳೆ ಮುರಿದು ಕೂಡಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಇರಿ, ಎತ್ತುತ್ತೀನಿ ಎಂದು ಅವಳು ಅತ್ತೆಯ ಹಿಂದೆ ಕೂತು ಕಂಕುಳಲ್ಲಿ ಕೈ ತೂರಿಸಿದಳು. ಉಸಿರು ಬಿಗಿಹಿಡಿದು ಎಳೆದಳು. ಅತ್ತೆ ಒಂದು ಗೇಣು ಮೇಲೆ ಬಂದು ಮತ್ತೆ ಕೂತರು. ಇನ್ನೊಮ್ಮೆ ಎಳೆದಳು, ಅದೇ ಒಂದು ಗೇಣು. ಮೊದಲು ತಾನು ಎದ್ದು ನಿಂತು ಆಮೇಲೆ ಎತ್ತೋಣವೆಂದು ಕೈ ನೆಲಕ್ಕೂರಿ ಮಂಡಿ ಮಡಿಸಿದರೆ ಮಂಡಿ ಮಾತು ಕೇಳಲಿಲ್ಲ. ತೊಡೆ ಗಡಗಡ ನಡುಗಿತು, ಮಣಿಕಟ್ಟು ಉಳುಕಿದಂತಾಯಿತು. ಹಿಡಿಯಲು ಹತ್ತಿರದಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ. ವಾಕರ್ ಹಿಡಿದರೆ ಅದೇ ಮೈಮೇಲೆ ಬರುತ್ತಿತ್ತು. ಕೊನೆಗೆ ಬೆವರು ಒರೆಸಿಕೊಂಡು ಅವಳೂ ಗೋಡೆಗೆ ಒರಗಿ ಕೂತಳು. ಅತ್ತೆಗೆ ಎಪ್ಪತ್ತೆಂಟು. ಅವಳಿಗಿನ್ನೂ ಐವತ್ತು ತುಂಬಿರಲಿಲ್ಲ.

ಅತ್ತೆ ಪಕ್ಕಕ್ಕೆ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ಒಬ್ಬರು ಬಿದ್ದರೆ ಇನ್ನೊಬ್ಬರು ಎತ್ತಬೇಕು ಅಂತಾರೆ. ನೀನು ಜೊತೆ ಕೊಡೋಕೆ ಬಂದೆಯಾ?”

ಇಬ್ಬರಿಗೂ ನಗು ಬಂತು. ಹೊಟ್ಟೆ ಹಿಡಿದು ನಕ್ಕರು. ನಗು ಮುಗಿದ ಮೇಲೆ, ಫೋನು ಹೊರಗಿನ ಕೋಣೆಯಲ್ಲಿ ಬ್ಯಾಗಿನೊಳಗಿದೆ ಎಂಬುದು ನೆನಪಾಯಿತು.

ಅವತ್ತು ನಾದಿನಿ ಅಮ್ಮನ ಮಾತ್ರೆ ಕೊಟ್ಟು ಹೋಗಲು ಬಂದದ್ದು ಪುಣ್ಯ. ಮುಂಬಾಗಿಲು ಇನ್ನೂ ತೆರೆದೇ ಇತ್ತು. ಅವಳು ಊರಿನ ಇನ್ನೊಂದು ತುದಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಇರುವವಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ನಲವತ್ತು ದಾಟಿದ್ದರೂ ಈ ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು. ದಿನವೂ ಒದ್ದೆ ಚಾದರಗಳ ಗಂಟು ಎತ್ತಿ ಗಟ್ಟಿಯಾದ ತೋಳು ಅವಳದು. ಕುರ್ಚಿ ತಂದಿಟ್ಟು ಮೊದಲು ಅತ್ತಿಗೆಯನ್ನು ಎಬ್ಬಿಸಿದಳು, ಆಮೇಲೆ ಇಬ್ಬರೂ ಸೇರಿ ಅಮ್ಮನನ್ನು. ಚಹಾ ಮಾಡಿ ಎಲ್ಲರಿಗೂ ಕೊಟ್ಟು ತಾನೂ ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಕೇಳಿದಳು:

“ನಾನು ಬರದೇ ಇದ್ದಿದ್ರೆ, ಅತ್ತಿಗೆ?”

ಪುಟ್ಟಿ ಜಗಳಗಂಟಿಯಲ್ಲ, ಅವಳ ಮಾತಿನಲ್ಲಿ ನ್ಯಾಯವೂ ಇತ್ತು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದನ್ನು ಅವಳು ಆಗಲೇ ವಿಚಾರಿಸಿ ಇಟ್ಟಿದ್ದಳು. ಇನ್ನೆರಡು ತಿಂಗಳಲ್ಲಿ ಅಲ್ಲೊಂದು ಹಾಸಿಗೆ ಖಾಲಿಯಾಗುತ್ತದೆ. ಅಮ್ಮನನ್ನು ಮೂರು ಮಹಡಿ ಹತ್ತಿಸಿ ತನ್ನಲ್ಲಿಟ್ಟುಕೊಳ್ಳಲು ಆಗದು, ಇಲ್ಲಿಟ್ಟರೆ ಎತ್ತುವವರಿಲ್ಲ. ಆ ಎರಡು ತಿಂಗಳೊಳಗೆ ಅತ್ತಿಗೆ ನೆಲದಿಂದ ತಾನೂ ಎದ್ದು ಅಮ್ಮನನ್ನೂ ಎಬ್ಬಿಸಿ ತೋರಿಸಿದರೆ ಆ ಮಾತು ಮತ್ತೆ ಎತ್ತುವುದಿಲ್ಲ ಎಂದು ಹೇಳಿ ಹೊರಟಳು.

ಅತ್ತೆ ಇದನ್ನೆಲ್ಲ ಬೇರೆ ಯಾರದೋ ವಿಷಯವೆಂಬಂತೆ ಕೇಳಿಸಿಕೊಂಡರು. ಮಲಗುವಾಗ ಮಾತ್ರ, ಅಂಥ ಮನೆಗಳಲ್ಲಿ ಇಪ್ಪತ್ತು ಜನಕ್ಕೆ ಒಂದೇ ಟೀವಿಯಂತೆ, ಯಾವಾಗಲೂ ಜಗಳವಂತೆ ಎಂದರು. ಸೊಸೆಗೆ ಅಷ್ಟು ಸಾಕಾಯಿತು. ಅವಳ ಗಂಡ ತೀರಿಕೊಂಡು ಹನ್ನೊಂದು ವರ್ಷ. ‘ನಾನು ಮಗಳ ಮನೆಗೆ ಹೋಗಲ್ಲ, ಇವಳ ಜೊತೆ ಇರ್ತೀನಿ’ ಎಂದು ಆಗ ಎಲ್ಲರ ಮುಂದೆ ಹೇಳಿದವರು ಅತ್ತೆ. ಅಲ್ಲಿಂದ ಇಲ್ಲಿಯವರೆಗೆ ಇಬ್ಬರೂ ದಿನಕ್ಕೆರಡು ಬಾರಿಯಾದರೂ ಕಿತ್ತಾಡಿದ್ದಾರೆ. ಕಿತ್ತಾಡಲು ಯಾರೂ ಇಲ್ಲದ ಮನೆಯ ಬಾಗಿಲನ್ನು ಸಂಜೆ ತಾನೇ ಬೀಗ ತೆಗೆದು ಒಳಗೆ ಹೋಗುವುದು ಹೇಗಿರುತ್ತದೆಂದು ಅವಳು ಕಲ್ಪಿಸಿಕೊಂಡಳು. ಬೇಡವೆನಿಸಿತು.

ತೂಕದಕ್ಕ ಎಂಬುದು ಸೊಸೆಗೆ ಲಾರಿಯವರು ಇಟ್ಟ ಹೆಸರು. ಹಳೆ ರಟ್ಟು, ಹಳೆ ಪೇಪರು ಅರೆದು ಹೊಸ ರಟ್ಟು ಮಾಡುವ ಕಾರ್ಖಾನೆಯ ಗೇಟಿನಲ್ಲಿ ಅವಳ ಕ್ಯಾಬಿನ್ನು. ಮುಂದೆ ನೆಲದ ಮಟ್ಟಕ್ಕೆ ಕೂರಿಸಿದ ಉಕ್ಕಿನ ಉದ್ದನೆಯ ಹಾಸು. ಅದರ ಮೇಲೆ ಲಾರಿ ನಿಂತರೆ ಕೆಳಗಿನ ಯಂತ್ರ ತೂಕ ಹೇಳುತ್ತದೆ. ಸರಕು ತುಂಬಿಕೊಂಡು ಒಳಗೆ ಬರುವಾಗ ಒಮ್ಮೆ, ಖಾಲಿಯಾಗಿ ಹೊರಗೆ ಹೋಗುವಾಗ ಇನ್ನೊಮ್ಮೆ ತೂಗಬೇಕು. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಸರಕಿನ ತೂಕ.

ಹದಿನೇಳು ವರ್ಷದಿಂದ ಅವಳು ಆ ಕ್ಯಾಬಿನ್ನನ್ನು ತನ್ನ ಕುರ್ಚಿಯ ಸುತ್ತ ಕಟ್ಟಿಕೊಂಡಿದ್ದಳು. ಏಳದೆ ಕೆಲಸ ಮಾಡುವುದರಲ್ಲಿ ಅವಳಿಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಡ್ರೈವರನ ಕೈಯಿಂದ ಸರಕಿನ ಚೀಟಿ ಈಸಿಕೊಳ್ಳಲು ತುದಿಗೆ ಕ್ಲಿಪ್ಪು ಕಟ್ಟಿದ ಕೋಲು. ಹಿಂದಿನ ಚಕ್ರ ಹಾಸಿನ ಮೇಲಿದೆಯೋ ಇಲ್ಲವೋ ನೋಡಲು ಕಿಟಕಿಯ ಹೊರಗೊಂದು ಕನ್ನಡಿ. ಕರೆಯಲು ಮೈಕು. ಕುರ್ಚಿಗೆ ಚಕ್ರ, ಕಾಲಿನಿಂದ ಒಮ್ಮೆ ನೂಕಿದರೆ ಮೇಜಿನಿಂದ ಕಿಟಕಿಗೆ, ಇನ್ನೊಮ್ಮೆ ನೂಕಿದರೆ ಕಿಟಕಿಯಿಂದ ಚಹಾದ ಫ್ಲಾಸ್ಕಿಗೆ. ಗುಂಡಿ ಒತ್ತುವ ಕೆಲಸವೂ ಇರದಂತೆ ಯಂತ್ರದವನಿಗೆ ಹೇಳಿ, ಅಂಕಿ ಅಲುಗಾಡದೆ ನಿಂತರೆ ಯಂತ್ರ ತಾನೇ ತೂಕದ ಚೀಟಿ ಹೊಡೆಯುವ ಹಾಗೆ ಮಾಡಿಸಿಕೊಂಡಿದ್ದಳು. ಮನೆಯಿಂದ ಹೊರಟು ಬಸ್ಸಿನಲ್ಲಿ ಕೂತರೆ, ಬಸ್ಸಿನಿಂದಿಳಿದು ಕ್ಯಾಬಿನ್ನಿನಲ್ಲಿ, ಅಲ್ಲಿಂದ ಮತ್ತೆ ಬಸ್ಸಿನಲ್ಲಿ, ಮನೆಗೆ ಬಂದು ಅತ್ತೆಯ ಪಕ್ಕದಲ್ಲಿ ಟೀವಿ ಮುಂದೆ. ಆಯುಷ್ಯವೆಲ್ಲ ಹೀಗೆ ಕೂತಲ್ಲಿಂದ ಎದ್ದು ಇನ್ನೊಂದು ಕಡೆ ಕೂರುವುದರಲ್ಲೇ ಕಳೆದಿತ್ತು. ಅದು ಸುಖವೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ, ಸುಸ್ತು ಅನ್ನಿಸಿತ್ತು. ಸುಸ್ತಾದದ್ದಕ್ಕೆ ಇನ್ನಷ್ಟು ಕೂತಿದ್ದಳು.

ಬಿದ್ದ ಮರುವಾರ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಾಗ, ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ಅತ್ತೆಯ ಸೊಂಟ ನೋಡಿ ತಲೆಯಾಡಿಸಿದಳು. ಆಮೇಲೆ ಸೊಸೆಗೆ, ಕೈ ಊರದೆ ಕುರ್ಚಿಯಿಂದ ಎದ್ದು ನಿಲ್ಲಿ ಎಂದಳು. ನಿಲ್ಲಲಾಗಲಿಲ್ಲ.

“ಅಜ್ಜಿ ಸೊಂಟದ ಚಿಂತೆ ನಂಗಿಲ್ಲ. ನಿಮ್ಮ ತೊಡೆಯದೇ ಚಿಂತೆ.”

ಕೆಲಸ ಕೊಡದ ಸ್ನಾಯು ಕರಗುತ್ತದೆ. ಕೊಟ್ಟರೆ ಈ ವಯಸ್ಸಿನಲ್ಲೂ ಬೆಳೆಯುತ್ತದೆ. ಆದರೆ ಒಂದೇ ದಿನದಲ್ಲಿ ಅಲ್ಲ. ಹೀಗೆಂದು ವಿವರಿಸಿದ ಹುಡುಗಿ, ಬಿದ್ದವರನ್ನು ಎತ್ತಲೇಬಾರದು ಎಂದಳು. ಅವರೇ ಏಳುವಂತೆ ಮಾಡಬೇಕು: ಪಕ್ಕಕ್ಕೆ ಹೊರಳಿಸಿ, ಮಂಡಿಯೂರಿಸಿ, ಮುಂದೆ ಗಟ್ಟಿಯಾದ ಸ್ಟೂಲಿಟ್ಟು ಅದರ ಮೇಲೆ ಕೈ ಊರಿಸಿ, ನಡುವಿಗೆ ಸುತ್ತಿದ ಬಟ್ಟೆಯ ಪಟ್ಟಿ ಹಿಡಿದು ಜೊತೆಗೆ ಏಳಬೇಕು. ಸ್ಟೂಲಿನ ಮುಂದೆ ಮಂಡಿಯೂರಿ ಕೂತ ಅತ್ತೆಯನ್ನು ತಾನೇ ಹಾಗೆ ಎಬ್ಬಿಸಿಯೂ ತೋರಿಸಿದಳು. ಇದಕ್ಕೆ ತೋಳಿನ ಬಲ ಅಷ್ಟೇನೂ ಬೇಡ. ಆದರೆ ಎಬ್ಬಿಸುವವರು ಒಂದು ಮಂಡಿ ನೆಲಕ್ಕೂರಿ ಕೂತು, ಹಾಗೇ ಏಳಬಲ್ಲವರಾಗಿರಬೇಕು. ಹಿಂದಿರುಗುವ ದಾರಿಯಲ್ಲಿ ಅತ್ತೆ, ನನ್ನ ತಪಾಸಣೆಗೆ ಅಂತ ಬಂದು ನೀನೇ ಫೇಲಾದೆಯಲ್ಲ ಎಂದು ಕಿಚಾಯಿಸಿದರು.

ಎಲ್ಲರೂ ಮಾಡುವ ಹಾಗೆ ಅವಳೂ ಮೊದಲು ಹೊಸ ಶೂ ತಂದಳು. ಬೆಳಕು ಹರಿಯುವ ಮುಂಚೆ ಎದ್ದು ಉದ್ಯಾನದ ಸುತ್ತ ನಡೆದಳು. ಅವಳು ವಾಪಸಾಗುವಷ್ಟರಲ್ಲಿ ಅತ್ತೆ ಎದ್ದು ಹಾಸಿಗೆಯ ಅಂಚಿನಲ್ಲಿ ಕಾಯುತ್ತಿರುತ್ತಿದ್ದರು. ಅವರ ಸ್ನಾನ, ತನ್ನ ಸ್ನಾನ, ತಿಂಡಿ, ಡಬ್ಬಿ ಎಲ್ಲ ತಡವಾಗಿ ಬಸ್ಸು ತಪ್ಪುತ್ತಿತ್ತು. ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಕೂತಲ್ಲೇ ನಿದ್ದೆ ಹೋದಳು. ಲಾರಿಯವನು ಹಾರ್ನ್ ಬಾರಿಸಿ ಎಬ್ಬಿಸಬೇಕಾಯಿತು. ಶೂ ಮಂಚದ ಕೆಳಗೆ ಸೇರಿತು. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಹೊಸದಾಗಿ ಹೊತ್ತು ಹುಡುಕಲು ತನ್ನಿಂದ ಆಗುವುದಿಲ್ಲ ಎಂಬುದು ಅವಳಿಗೆ ಖಚಿತವಾಯಿತು. ಇರುವ ಹೊತ್ತಿನಲ್ಲೇ ಏನಾದರೂ ಸಿಕ್ಕಬೇಕು. ಕ್ಯಾಬಿನ್ನಿನ ಗೋಡೆಯ ಮೇಲೆ ಬಣ್ಣ ಮಾಸಿದ ನಿಯಮದ ಹಲಗೆಯಿತ್ತು: ತೂಕಕ್ಕೆ ಮೊದಲು ಎಲ್ಲ ಚಕ್ರಗಳೂ ಹಾಸಿನ ಮೇಲಿರುವುದನ್ನು ಹತ್ತಿರದಿಂದ ನೋಡತಕ್ಕದ್ದು. ಕನ್ನಡಿ ಬಂದ ಮೇಲೆ ಆ ಹಲಗೆಯನ್ನು ಯಾರೂ ಓದಿರಲಿಲ್ಲ. ಲಾರಿಗಳು ಹೇಗೂ ದಿನವಿಡೀ ಬರುತ್ತವೆ. ಬಂದಾಗಲೆಲ್ಲ ಎದ್ದು ಹೋದರೆ?

ಮೊದಲ ದಿನ ಕೋಲನ್ನು ಬೀರುವಿನ ಮೇಲೆಸೆದು, ಚೀಟಿ ಈಸಿಕೊಳ್ಳಲು ತಾನೇ ಹೊರಗೆ ಬಂದಳು. ಡ್ರೈವರುಗಳು ಗಾಬರಿಯಾದರು. ಹದಿನೇಳು ವರ್ಷದಿಂದ ಕಿಟಕಿಯಲ್ಲಿ ಎದೆಯಿಂದ ಮೇಲೆ ಮಾತ್ರ ಕಂಡವಳಿಗೆ ಕಾಲೂ ಇವೆ ಎಂಬುದು ಕೆಲವರಿಗೆ ಅಂದೇ ತಿಳಿದದ್ದು. ಸೊಟ್ಟ ಮೀಸೆಯ ಹಳೇ ಡ್ರೈವರೊಬ್ಬ ಏನಕ್ಕಾ, ನನ್ನ ಮೇಲೆ ಅನುಮಾನವಾ ಎಂದು ಕೇಳಿದ. ನಿನ್ನ ಮೇಲಲ್ಲಪ್ಪ, ನನ್ನ ಕಾಲ ಮೇಲೆ ಎಂದು ಹೇಳಿ ಅವಳು ಲಾರಿಯ ಸುತ್ತ ಹೊರಟಳು.

ಸುಲಭವಿರಲಿಲ್ಲ. ಲಾರಿಯ ಹಿಂಬದಿಗೆ ಹೋಗುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಅಲ್ಲಿ, ಲಾರಿಯ ನೆರಳಿನಲ್ಲಿ, ಹಿಂಬದಿಯ ಚಕ್ರದ ಪಕ್ಕ ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಂಡು ಆಮೇಲೆ ಇನ್ನೊಂದು ಮಗ್ಗುಲಿನಿಂದ ವಾಪಸಾಗುತ್ತಿದ್ದಳು. ಬರುವುದರೊಳಗೆ ಯಂತ್ರ ಚೀಟಿ ಹೊಡೆದಿರುತ್ತಿತ್ತು. ಬೆಳಿಗ್ಗೆ ತುಂಬಿದ ಲಾರಿಗಳಿಗೆಲ್ಲ ಹೀಗೆ ಸುತ್ತು ಹಾಕುತ್ತಿದ್ದಳು. ಮಧ್ಯಾಹ್ನದ ಮೇಲೆ ಅದೇ ಲಾರಿಗಳು ಖಾಲಿಯಾಗಿ ಬರುವಾಗ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಆಗ ಕುರ್ಚಿಯೂ ಕನ್ನಡಿಯೂ. ರಾತ್ರಿ ಮೀನಖಂಡ ಸೆಟೆದುಕೊಂಡು ನಿದ್ದೆ ಕೆಡುತ್ತಿತ್ತು. ಅತ್ತೆ ಕತ್ತಲಲ್ಲೇ ಕೈ ಚಾಚಿ ಎಣ್ಣೆಯ ಶೀಸೆ ಕೊಡುತ್ತಿದ್ದರು. ಆದರೂ ಕೆಲವು ವಾರ ಕಳೆದ ಮೇಲೆ ಒಂದು ದಿನ ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದ್ದೇನೆಂದು ಸೀಟಿನಲ್ಲಿ ಕೂತ ಮೇಲೆ ಅವಳಿಗೆ ಹೊಳೆಯಿತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಲ್ಲ ಅನ್ನಿಸಿತು.

ಆ ಹೊತ್ತಿಗೆ ಕಾರ್ಖಾನೆಯಲ್ಲಿ ಒಂದು ತಕರಾರು ಎದ್ದಿತ್ತು. ರಟ್ಟು ಕಳಿಸುವವರೂ ತಮ್ಮಲ್ಲಿ ತೂಗಿಯೇ ಕಳಿಸುತ್ತಾರೆ. ದಾರಿಯಲ್ಲಿ ತೇವ ಆರಿ ಇಲ್ಲಿ ತೂಗಿದಾಗ ಯಾವಾಗಲೂ ಸ್ವಲ್ಪ ಕಡಿಮೆಯೇ ಬರುವುದು ರೂಢಿ. ಈಚೆಗೆ ಎಲ್ಲ ಲಾರಿಯಲ್ಲೂ ಹೆಚ್ಚು ಬರುತ್ತಿತ್ತು. ಮ್ಯಾನೇಜರು ತಲೆ ಕೆಡಿಸಿಕೊಂಡರು. ಡ್ರೈವರುಗಳು ದಾರಿಯಲ್ಲಿ ನೀರು ಚಿಮುಕಿಸುತ್ತಿರಬಹುದೆಂದು ಕಟ್ಟು ಬಿಚ್ಚಿಸಿ ತೇವ ನೋಡಿಸಿದರು, ಒಣಗಿಯೇ ಇತ್ತು. ಯಂತ್ರ ಕೆಟ್ಟಿರಬಹುದೆಂದು ಪರೀಕ್ಷೆಗೆ ಕಬ್ಬಿಣದ ತೂಕದ ಬಟ್ಟುಗಳನ್ನು ತರಿಸಿ ಇಡಿಸಿದರು, ಯಂತ್ರ ಸರಿಯಾಗಿತ್ತು. ಉಳಿದದ್ದು ಯಂತ್ರದ ಹಿಂದೆ ಕೂತವಳು. ಅವರೇನೂ ಬಾಯಿಬಿಟ್ಟು ಆಡಲಿಲ್ಲ. ಈಗೀಗ ಲಾರಿಯವರ ಹತ್ತಿರ ಹೋಗಿ ಮಾತಾಡುತ್ತೀರಂತೆ ಎಂದು ಮಾತ್ರ ಕೇಳಿದರು. ಆ ‘ಅಂತೆ’ ಅವಳನ್ನು ಮುಳ್ಳಿನ ಹಾಗೆ ಚುಚ್ಚಿತು. ಈ ಕೆಲಸ ಹೋದರೆ ಅತ್ತೆಯನ್ನು ಉಳಿಸಿಕೊಳ್ಳುವ ಮಾತು ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಸೊಟ್ಟ ಮೀಸೆಯವನ ಲಾರಿ ತೂಕ ಮುಗಿಸಿ ಮುಂದೆ ಹೋಯಿತು. ಅವಳಿನ್ನೂ ಹಿಂಬದಿಯಲ್ಲಿ, ಸುಧಾರಿಸಿಕೊಳ್ಳುವ ಜಾಗದಲ್ಲೇ ನಿಂತಿದ್ದಳು. ನೆರಳು ಸರಿದು ಬಿಸಿಲು ಕಣ್ಣಿಗೆ ಹೊಡೆಯಿತು. ತಲೆಯೆತ್ತಿದಾಗ, ಡ್ರೈವರುಗಳಿಗೆ ಕಾಣಲೆಂದು ಕ್ಯಾಬಿನ್ನಿನ ಮೇಲೆ ಹಾಕಿದ್ದ ದೊಡ್ಡ ಕೆಂಪು ಅಂಕಿಯ ಫಲಕ ಎದುರಿಗಿತ್ತು. ಒಳಗೆ ಕೂತು ಕೆಲಸ ಮಾಡುವವಳು ಅದನ್ನು ನೋಡಿದ್ದೇ ಅಪರೂಪ. ಹಾಸು ಖಾಲಿಯಾಗಿತ್ತು. ಫಲಕದಲ್ಲಿ ಸೊನ್ನೆ ಇರಬೇಕಿತ್ತು.

ಎಂಬತ್ತು ಎಂದಿತ್ತು.

ಅವಳು ಒಂದು ಹೆಜ್ಜೆ ಪಕ್ಕಕ್ಕಿಟ್ಟು ಕಾಂಕ್ರೀಟಿನ ಮೇಲೆ ನಿಂತಳು. ಸೊನ್ನೆ. ಮತ್ತೆ ಹಾಸಿನ ಮೇಲೆ ಕಾಲಿಟ್ಟಳು. ಎಂಬತ್ತು. ಆ ಯಂತ್ರಕ್ಕೆ ಹತ್ತು ಕಿಲೋಗಿಂತ ಸಣ್ಣ ಲೆಕ್ಕ ತಿಳಿಯದು. ಎಪ್ಪತ್ತಾರೂ ಆಗಿರಬಹುದು, ಎಂಬತ್ತನಾಲ್ಕೂ ಆಗಿರಬಹುದು. ಅದೇನೇ ಇರಲಿ, ಬೆಳಿಗ್ಗೆ ತುಂಬಿದ ಲಾರಿಯ ಜೊತೆ ತಾನೂ ತೂಗಿಸಿಕೊಂಡು, ಮಧ್ಯಾಹ್ನ ಖಾಲಿ ಲಾರಿಯ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದಳು. ಎರಡೂ ಸಲ ನಿಂತಿದ್ದರೆ ಕಳೆದಾಗ ಹೊಡೆದುಹೋಗುತ್ತಿತ್ತು. ಎರಡೂ ಸಲ ಕೂತಿದ್ದರೂ ಅಷ್ಟೆ. ಅರ್ಧ ದಿನ ನಡೆದು ಅರ್ಧ ದಿನ ಸೋತದ್ದಕ್ಕೆ, ಪ್ರತಿ ಲಾರಿಯ ರಟ್ಟಿನಲ್ಲೂ ಒಬ್ಬ ಹೆಂಗಸು ಸೇರಿಕೊಂಡಿದ್ದಳು.

ಹೇಳದೆ ಇರಬಹುದಿತ್ತು. ಸುತ್ತು ಹಾಕುವುದನ್ನು ನಿಲ್ಲಿಸಿದರೆ ತಕರಾರು ತಾನಾಗಿ ಅಡಗುತ್ತಿತ್ತು. ಆದರೆ ಅನುಮಾನ ಅಡಗುತ್ತಿರಲಿಲ್ಲ. ಪಾಪದ ಡ್ರೈವರುಗಳ ಮೇಲೂ ಅದು ಉಳಿಯುತ್ತಿತ್ತು. ಅವಳು ಮ್ಯಾನೇಜರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ನಂಬಲಿಲ್ಲ. ಲಾರಿ ತೂಗುವ ಯಂತ್ರ ಮನುಷ್ಯರನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ ಎಂದರು. ಬನ್ನಿ ಎಂದು ಕರೆತಂದು, ಸಾಲಿನಲ್ಲಿ ನಿಂತ ಲಾರಿಯವರೆಲ್ಲ ನೋಡುತ್ತಿರುವಂತೆಯೇ ಅವಳು ಖಾಲಿ ಹಾಸಿನ ನಡುವೆ ಹೋಗಿ ನಿಂತಳು. ನೆತ್ತಿಯ ಮೇಲೆ ಬಿಸಿಲು. ಎದುರಿಗೆ, ಬೀದಿಗೆಲ್ಲ ಕಾಣುವಷ್ಟು ದೊಡ್ಡ ಅಂಕಿಯಲ್ಲಿ, ತನ್ನ ತೂಕ. ಯಾರೋ ಕಿಸಕ್ಕೆಂದರು. ಸೊಟ್ಟ ಮೀಸೆಯವನು ಲಾರಿಯಿಂದ ಇಳಿದು ಬಂದು ತಾನೂ ಅವಳ ಪಕ್ಕ ನಿಂತ. ಅಂಕಿ ನೂರೈವತ್ತಕ್ಕೆ ಹಾರಿತು.

“ಇಬ್ಬರದೂ ಚೀಟಿ ಹೊಡೀರಿ ಸಾರ್,” ಎಂದ ಅವನು. “ಅಕ್ಕ ಒಬ್ಬಳೇ ಯಾಕೆ ನಿಲ್ಲಬೇಕು.”

ಮ್ಯಾನೇಜರು ನಗಲಿಲ್ಲ, ಬೈಯಲೂ ಇಲ್ಲ. ಹಳೆ ತೂಕಗಳನ್ನೆಲ್ಲ ಸರಿಪಡಿಸಿಕೊಳ್ಳುತ್ತೇನೆ ಎಂದರು. ಜೊತೆಗೊಂದು ಆಜ್ಞೆಯೂ ಬಂತು: ಇನ್ನು ಮೇಲೆ ಲಾರಿ ಹಾಸಿನ ಮೇಲಿರುವಾಗ ಅವಳು ಕ್ಯಾಬಿನ್ ಬಿಟ್ಟು ಹೊರಬರಕೂಡದು. ಚಕ್ರ ನೋಡಲು ಕ್ಯಾಮೆರಾ ಹಾಕಿಸುತ್ತೇನೆ ಎಂದರು.

ಅವತ್ತು ಅವಳು ಮನೆಗೆ ಬಂದು ಬ್ಯಾಗನ್ನೂ ಇಳಿಸದೆ ಕೂತಳು. ಅತ್ತೆಗೆ ಎಲ್ಲ ಹೇಳಿದಳು. ಹತ್ತರ ಲೆಕ್ಕದಲ್ಲಿ ತೂಗುವ ಯಂತ್ರವೇ ನಿನಗೆ ಸರಿ ಎಂದು ಅತ್ತೆ ಎಂದಿನಂತೆ ಕಿಚಾಯಿಸಿದರು. ಸೊಸೆ ನಗಲಿಲ್ಲ. ಪುಟ್ಟಿ ಹೇಳಿದ ಎರಡು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಬೆಳಿಗ್ಗೆ ಸೊಸೆ ಸ್ನಾನದ ಮನೆಯ ಗೋಡೆ ಹಿಡಿದು ಒಂದು ಮಂಡಿಯೂರಿ ನೋಡಿದ್ದಳು. ಇಳಿಯಲು ಬಂದಿತ್ತು, ಏಳಲು ಗೋಡೆಯ ನಲ್ಲಿಯೇ ಬೇಕಾಗಿತ್ತು.

ಮಾರನೆಯ ದಿನ ಕ್ಯಾಬಿನ್ನಿನಲ್ಲಿ ಕೂತು, ಲಾರಿಯಿಲ್ಲದ ಹಾಸನ್ನು ನೋಡುತ್ತಿದ್ದಳು. ಲಾರಿ ಇರುವಾಗ ಹೊರಬರಕೂಡದು, ಇಲ್ಲದಿರುವಾಗ? ಹಾಸಿಗೂ ಸುತ್ತಲಿನ ಕಾಂಕ್ರೀಟಿಗೂ ನಡುವೆ ಬೆರಳಗಲದ ಸಂದು ಇರುತ್ತದೆ. ಅದರಲ್ಲಿ ಜಲ್ಲಿ ಸಿಕ್ಕಿಕೊಂಡರೆ ಹಾಸು ಬಿಗಿದು ತೂಕ ತಪ್ಪುತ್ತದೆ. ಗುಡಿಸುವವನೊಬ್ಬ ಯಾವಾಗಲಾದರೊಮ್ಮೆ ಬಂದು ಕಬ್ಬಿಣದ ಕಡ್ಡಿಯಿಂದ ಕೆದಕಿ ಹೋಗುತ್ತಿದ್ದ. ಅದು ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ. ಅವಳು ಹೋಗಿ, ಇನ್ನು ಸಂದು ನಾನೇ ನೋಡಿಕೊಳ್ಳುತ್ತೇನೆ ಎಂದು ಮ್ಯಾನೇಜರನ್ನು ಕೇಳಿದಳು. ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡರೋ ಏನೋ, ಅವರು ಹೂಂ ಎಂದರು. ಒಳಗೆ ನಿಂತುಕೊಂಡೇ ಕೆಲಸ ಮಾಡಲೇ ಎಂದೂ ಕೇಳಿದಳು. ನಿಂತರೂ ಸರಿ, ಕುಣಿದರೂ ಸರಿ, ಹಾಸಿನ ಮೇಲೆ ಮಾತ್ರ ಬೇಡ ಎಂದರು.

ಹೀಗೆ ಆ ಕೆಲಸ ಶುರುವಾಯಿತು. ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ ಕಡ್ಡಿ ಹಿಡಿದು ಹೊರಗೆ ಬರುವುದು, ಹಾಸಿನ ಅಂಚಿನ ಕಾಂಕ್ರೀಟಿನ ಮೇಲೆ ಇಳಿಯುವುದು, ನಾಲ್ಕು ಕಲ್ಲು ಕೀಳುವುದು, ಏಳುವುದು. ಮೊದಮೊದಲು ಕುಕ್ಕರಿಸಲು ಆಗಲೇ ಇಲ್ಲ. ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೈಯೂರಿ, ಒಂದು ಮಂಡಿ ಗೋಣಿಯ ಮೇಲಿಟ್ಟು ಇಳಿದಳು. ಏಳುವಾಗ ಬಾಯಿಂದ ಅಯ್ಯಪ್ಪಾ ಎಂದು ಬರುತ್ತಿತ್ತು. ಡ್ರೈವರುಗಳು ಸಾಲಿನಿಂದಲೇ ಅವಳ ಜೊತೆ ಅಯ್ಯಪ್ಪಾ ಎನ್ನುತ್ತಿದ್ದರು. ಸೆಖೆ, ಧೂಳು, ಲಾರಿಯ ಹೊಗೆ. ಇದರಲ್ಲಿ ಖುಷಿಯೇನೂ ಇರಲಿಲ್ಲ. ಕೆಲವು ದಿನ ಕ್ಯಾಬಿನ್ನಿಗೆ ಬಂದು ಕುರ್ಚಿಯ ಬೆನ್ನಿಗೆ ಹಣೆಯಿಟ್ಟು ನಿಲ್ಲುತ್ತಿದ್ದಳು. ಕೂತರೆ ಇವತ್ತಿಗೆ ಮುಗಿಯಿತು ಎಂಬುದು ಗೊತ್ತಿತ್ತು. ಕೆಲವು ದಿನ ಕೂತೂ ಬಿಡುತ್ತಿದ್ದಳು. ಮಾರನೆಯ ದಿನ ಸಂದಿನಲ್ಲಿ ಮತ್ತೆ ಕಲ್ಲು ಇರುತ್ತಿತ್ತು. ಲಾರಿಯ ಚಕ್ರಕ್ಕೆ ಕಲ್ಲು ತರುವುದರಲ್ಲಿ ಸೋಮಾರಿತನವಿಲ್ಲ.

ಯಾವ ದಿನ ಬಕೆಟ್ಟು ಬೇಡವಾಯಿತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಒಂದು ದಿನ ಅದರಲ್ಲಿ ಕಲ್ಲು ತುಂಬಿತ್ತು. ಬೋರಲು ಹಾಕಲು ಬೇಸರವಾಗಿ ಹಾಗೆಯೇ ಇಳಿದು ಎದ್ದಳು.

ಪುಟ್ಟಿ ಬಂದದ್ದು ರಜೆಯ ದಿನ. ಆ ಮನೆಯಲ್ಲಿ ಹಾಸಿಗೆ ಖಾಲಿಯಾಗಿದೆ, ಇವತ್ತೇ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ ಎಂದಳು. ಅವಳ ಮುಖವೂ ಬಾಡಿತ್ತು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಮಂಚದ ಮೇಲಿದ್ದ ಅತ್ತೆ ಹೊದಿಕೆ ಸರಿಸಿದರು.

“ನನ್ನನ್ನ ಕೆಳಗೆ ಕೂರಿಸಿ.”

ಪುಟ್ಟಿ ಬೇಡಮ್ಮ ಎಂದಳು. ಅತ್ತೆ ಕೇಳಲಿಲ್ಲ. ನಾನೇನು ರಟ್ಟಿನ ಕಟ್ಟಾ, ನನ್ನನ್ನು ಕೇಳದೆ ಇಲ್ಲಿಂದ ಅಲ್ಲಿಗೆ ಸಾಗಿಸೋಕೆ ಎಂದರು. ಇಬ್ಬರೂ ಸೇರಿ ಅವರನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ಆಮೇಲೆ ಅತ್ತೆ ಪುಟ್ಟಿಗೆ ದೂರ ಕೂರಲು ಹೇಳಿದರು.

ಸೊಸೆ ಅವರ ನಡುವಿಗೆ ಪಟ್ಟಿ ಸುತ್ತಿದಳು. ಪಕ್ಕಕ್ಕೆ ಹೊರಳಿಸಿ, ಕೈ ಊರಿಸಿ, ಮಂಡಿಯ ಮೇಲೆ ತಂದಳು. ಸ್ಟೂಲನ್ನು ಮುಂದಿಟ್ಟಳು. ತಾನು ಪಕ್ಕದಲ್ಲಿ ಒಂದು ಮಂಡಿಯೂರಿದಳು. ಒಂದು, ಎರಡು, ಮೂರು ಎಂದು ಎದ್ದರೆ ಅತ್ತೆಯ ಪಾದ ಜಾರಿ ಅಷ್ಟೂ ಭಾರ ಅವಳ ಮೇಲೆ ಬಂತು. ಇಬ್ಬರೂ ವಾಲಿದರು. ಪುಟ್ಟಿ ಅರ್ಧ ಎದ್ದಿದ್ದಳು.

“ಇರು,” ಎಂದಳು ಸೊಸೆ. “ಬಿದ್ದಿಲ್ಲ.”

ಹಾಗೆಯೇ ಮಂಡಿಯ ಮೇಲೆ, ಅತ್ತೆಯ ತಲೆ ತನ್ನ ಭುಜಕ್ಕೊರಗಿದಂತೆಯೇ ಉಸಿರು ಸುಧಾರಿಸಿಕೊಂಡಳು. ತೊಡೆ ಉರಿಯುತ್ತಿತ್ತು. ಅವಸರ ಮಾಡಲಿಲ್ಲ. ಅತ್ತೆಯ ಮೂಳೆ ಮುರಿಯದ ಕಡೆಯ ಕಾಲನ್ನು ಕೈಯಿಂದ ಹಿಡಿದು ಪಾದ ನೇರವಾಗಿಟ್ಟಳು. ಈ ಸಲ ಎಣಿಸಲಿಲ್ಲ. ಸ್ಟೂಲಿನ ಮೇಲೆ ಅತ್ತೆಯ ಕೈ ಬಿಗಿಯಾದದ್ದನ್ನು ನೋಡಿ, ಪಟ್ಟಿ ಹಿಡಿದು, ತಾನೂ ಅವರೊಂದಿಗೆ ಮೇಲೆ ಬಂದಳು. ಮಂಡಿ ಟಕ್ಕೆಂದಿತು. ಇಬ್ಬರೂ ನಿಂತಿದ್ದರು. ಒಂದಿಷ್ಟು ಹೊತ್ತು ಯಾರೂ ಕೈ ಬಿಡಲಿಲ್ಲ. ಆಮೇಲೆ ಅತ್ತೆ ಮಂಚದ ಅಂಚಿಗೆ ಕೂತು, ಬೆವೆತ ಮುಖ ಒರೆಸಿಕೊಂಡರು.

ಪುಟ್ಟಿ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದಳು. ಬೇಡ ಅಂತ ಹೇಳಿದೆ ಎಂದಳು. ಚಪ್ಪಲಿ ಮೆಟ್ಟುತ್ತಾ, ಅಮ್ಮನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

“ಆದ್ರೆ ಸೋತಾಗ ನಂಗೆ ಹೇಳ್ಬೇಕು ಅತ್ತಿಗೆ. ಬಿದ್ದ ಮೇಲಲ್ಲ, ಸೋತಾಗ. ರಜೆ ದಿನ ನಾನು ಬರ್ತೀನಿ, ನೀವು ಮಲಗಿ.”

ಸೊಸೆ ತಲೆಯಾಡಿಸಿದಳು. ಈಗಲೇ ಸೋತಿದ್ದೇನೆ ಎನ್ನಬೇಕೆನಿಸಿತು. ರಾತ್ರಿಯೆಲ್ಲ ಕೆಲಸ ಮಾಡಿ ಬಂದವಳಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಬಾಗಿಲು ಹಾಕಿಕೊಂಡು ಬಂದು ಸೋಫಾದ ಮೇಲೆ ಕುಸಿದಳು. ನಾಳೆ ಬಸ್ಸು, ಲಾರಿ, ಸಂದಿನ ಕಲ್ಲು. ನಾಡಿದ್ದೂ ಅದೇ. ಹಾಸಿಗೆಯನ್ನು ಬೇರೆ ಯಾರೋ ತೆಗೆದುಕೊಳ್ಳುತ್ತಾರೆ. ಅತ್ತೆ ಇಲ್ಲೇ ಇರುತ್ತಾರೆ. ಅಂದರೆ ದಿನವೂ ಸ್ನಾನ, ದಿನವೂ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಎಷ್ಟು ವರ್ಷವೋ. ಕಣ್ಣು ಮುಚ್ಚಿದಳು.

ಒಳಗಿನಿಂದ ಅತ್ತೆ, ಬಚ್ಚಲಿಗೆ ಹೋಗಬೇಕು ಎಂದು ಕೂಗಿದರು.

ಅವಳು ಸೋಫಾದ ಕೈ ಹಿಡಿದುಕೊಂಡೇ ಎದ್ದಳು. ತೊಡೆ ಇವತ್ತು ಮಾಡಬೇಕಾದ್ದನ್ನು ಮಾಡಿ ಮುಗಿಸಿತ್ತು. ಬಾಗಿಲಿನವರೆಗೆ ಬರುವಷ್ಟರಲ್ಲಿ ಕಾಲು ಎಳೆಯುತ್ತಿರುವುದು ಅತ್ತೆಗೆ ಕೇಳಿಸಿರಬೇಕು.

“ನಿಧಾನಕ್ಕೆ ಬಾ,” ಎಂದರು. “ನಾನೇನು ಓಡಿ ಹೋಗ್ತೀನಾ.”